ಮಂಜಿನ ಬೆಳಗ್ಗೆ ಕೆರೆಗೆ ಹೋಗಿ ಏನೂ ಕಾಣಲಿಲ್ಲ ಅಂದವರಿಗೆ

ನೀವು ಬರೆದದ್ದು ಓದಿದೆ. ಶನಿವಾರ ಏಳೂವರೆಗೆ ಹೆಬ್ಬಾಳ ಕೆರೆಗೆ ಹೋದಿರಿ, ನೀರಿನ ಮೇಲೆಲ್ಲ ಮಂಜು, ನಾಮದ ಕೋಳಿ (ಕೂಟ್ ಅನ್ನುವ ಕಪ್ಪು ನೀರುಹಕ್ಕಿ) ಬಿಟ್ಟರೆ ಬೇರೇನೂ ಕಾಣಲಿಲ್ಲ, ಎಂಟು ಗಂಟೆಗೆ ಬೇಜಾರಾಗಿ ಮನೆಗೆ ಬಂದಿರಿ, ಈಗ ದೊಡ್ಡ ಜೂಮ್ ಕ್ಯಾಮೆರಾ ತಗೊಳ್ಳಲಾ ಅಂತ ಕೇಳಿದ್ದೀರಿ. ಬೇಡ. ಮಂಜು ಕರಗುವ ಹೊತ್ತಿಗೆ ಸರಿಯಾಗಿ ನೀವು ಮನೆಗೆ ಹೊರಟುಬಿಟ್ಟಿದ್ದೀರಿ, ಅಷ್ಟೇ ಆಗಿರುವುದು.

ಹುಲ್ಲಿನ ಮೇಲೆ ಬೆಳ್ಳಗೆ ಹಿಮ ಬಿದ್ದಿತ್ತು ಅಂತಲೂ ಬರೆದಿದ್ದೀರಿ. ಅದು ಇಬ್ಬನಿ. ಜೇಡರ ಬಲೆ ತುಂಬಾ ಇಬ್ಬನಿ ಕೂತರೆ ದೂರದಿಂದ ಹಾಗೇ ಕಾಣುತ್ತದೆ. ಬೆಂಗಳೂರಲ್ಲಿ ದಾಖಲಾದ ಅತಿ ಕಡಿಮೆ ಉಷ್ಣಾಂಶವೇ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. ಆದರೆ ಕೆರೆ ಏರಿ ಮೇಲೆ ಆರು ಗಂಟೆಗೆ ನಿಂತರೆ ಕೈ ಮರಗಟ್ಟುವುದು ನಿಜ, ಒಪ್ಪುತ್ತೇನೆ. ರಾತ್ರಿ ಗಾಳಿ ತಣ್ಣಗಾಗಿರುತ್ತದೆ, ಕೆರೆ ನೀರು ಅಷ್ಟು ಬೇಗ ತಣ್ಣಗಾಗುವುದಿಲ್ಲ, ಅದಕ್ಕೇ ನೀರಿನ ಮೇಲೆ ಹಬೆ ಥರ ಏಳುವುದು. ಬಿಸಿಲು ಬಿದ್ದು ಸ್ವಲ್ಪ ಹೊತ್ತಾದ ಮೇಲೆ ಕರಗುತ್ತದೆ. ಈಗ ಫೆಬ್ರವರಿ ಶುರುವಿನಲ್ಲಿ ಸೂರ್ಯ ಹುಟ್ಟುವುದೇ ಸುಮಾರು 6:45ಕ್ಕೆ.

ಆ ಮಂಜಿನ ಹೊತ್ತಲ್ಲಿ ಕಣ್ಣಿಗೆ ಕೆಲಸ ಇಲ್ಲ, ಕಿವಿಗಿದೆ. ನಾನು ಆರೂಕಾಲಕ್ಕೆ ಹೋಗಿ ಜೊಂಡಿನ ಹತ್ತಿರ ಇಪ್ಪತ್ತು ನಿಮಿಷ ಸುಮ್ನೆ ನಿಲ್ಲುತ್ತೇನೆ. ಕುದುರೆಮರಿ ಕೆನೆದ ಹಾಗೆ ಒಂದೇ ಉಸಿರಿಗೆ ಕೇಳಿದರೆ ಗುಳುಮುಳುಕ, ನೀರಲ್ಲಿ ಮುಳುಗೇಳುವ ಪುಟ್ಟ ಹಕ್ಕಿ. ಮೇಲಿಂದ ಸಿಳ್ಳೆ ಹೊಡೆಯುತ್ತಾ ಹೋದರೆ ಸಿಳ್ಳೆಬಾತು, ಅವು ರಾತ್ರಿಯೆಲ್ಲ ಮೇಯ್ದು ಬೆಳಗಾಗುತ್ತಲೇ ವಾಪಸ್ ಬರುತ್ತವೆ, ಎಂಟು ಗಂಟೆಗೆ ಹೋದರೆ ನಿದ್ದೆ ಮಾಡುವುದನ್ನಷ್ಟೇ ನೋಡಬಹುದು. ಒಣಗಿದ ಮರವನ್ನು ಕರಕರ ಅಂತ ಗೀರಿದಂಥ ಸದ್ದು ನೀರಿನ ನಡುವಿಂದ ಬಂದರೆ ಬಿಳಿಹುಬ್ಬಿನ ಬಾತಿನ ಗಂಡು. ಹಕ್ಕಿ ಗುರುತಿಸುವ ಮರ್ಲಿನ್ ಅನ್ನುವ ಫೋನ್ ಆಪ್‌ನಲ್ಲಿ ಸದ್ದು ಗುರುತಿಸುವ ಸೌಲಭ್ಯ ಇದೆ, ಆದರೆ ಹೆಬ್ಬಾಳದ ಫ್ಲೈಓವರ್ ಟ್ರಾಫಿಕ್ಕಲ್ಲಿ ಅದೂ ತಬ್ಬಿಬ್ಬಾಗುತ್ತದೆ. ಅದು ಹೇಳಿದ್ದನ್ನು ಸುಳಿವು ಅಂದುಕೊಳ್ಳಿ, ಹಕ್ಕಿ ಕಣ್ಣಿಗೆ ಬೀಳುವ ತನಕ ಪಟ್ಟಿಗೆ ಹಾಕಬೇಡಿ.

ಮಂಜು ತೆಳುವಾಗುತ್ತಾ ಬಂದ ಹಾಗೆ ಕೆರೆಯ ಪೂರ್ವದ ದಡಕ್ಕೆ ಹೋಗಿ. ಸೂರ್ಯ ಬೆನ್ನಿಗಿರಬೇಕು. ಇದೊಂದು ಗೊತ್ತಿಲ್ಲದೆ ನಾನು ಮೊದಲ ವರ್ಷ ಪೂರ್ತಿ ಪಡುವಣ ದಡದಲ್ಲಿ ನಿಂತು ಎಲ್ಲ ಬಾತುಗಳನ್ನೂ ಕಪ್ಪು ಬಾತು ಅಂತ ಬರೆದುಕೊಂಡಿದ್ದೆ. ನಿಮಗೆ ಬರೀ ನಾಮದ ಕೋಳಿ ಕಂಡಿದ್ದೂ ಅರ್ಧ ಇದೇ ಕಾರಣಕ್ಕೆ ಇರಬಹುದು. ಹಣೆ ಮೇಲೆ ಬಿಳಿ ನಾಮ ಎದ್ದು ಕಾಣುತ್ತದೆ, ಉಳಿದದ್ದೆಲ್ಲ ನೆರಳಾಗುತ್ತದೆ.

ಇನ್ನು ಬಾತುಗಳು. ಹೊಸಬರಿಗೆ ಈ ಒಂದು ತಿಂಗಳಷ್ಟು ಒಳ್ಳೆಯ ಕಾಲ ಇನ್ನೊಂದಿಲ್ಲ. ಅಕ್ಟೋಬರ್ ನವೆಂಬರಲ್ಲಿ ಉತ್ತರದಿಂದ ಬಂದಿಳಿದಾಗ ಗಂಡುಗಳು ಇನ್ನೂ ಮಾಸಲು ಗರಿಯಲ್ಲೇ ಇರುತ್ತವೆ, ಗಂಡು ಯಾವುದು ಹೆಣ್ಣು ಯಾವುದು ಅಂತ ತಲೆ ಕೆಡುತ್ತದೆ. ಈಗ ವಾಪಸ್ ಹೊರಡುವ ಮುಂಚೆ ಮದುವೆ ಗಂಡಿನ ಹಾಗೆ ಸಿಂಗರಿಸಿಕೊಂಡಿವೆ. ಬಿಳಿಹುಬ್ಬಿನ ಬಾತಿಗೆ ಕಣ್ಣ ಮೇಲಿಂದ ಕತ್ತಿನ ತನಕ ಬಿಳಿ ಗೆರೆ. ಸಲಿಕೆ ಕೊಕ್ಕಿನ ಬಾತಿಗೆ ಹಸಿರು ತಲೆ, ಬಿಳಿ ಎದೆ, ಇಟ್ಟಿಗೆ ಬಣ್ಣದ ಪಕ್ಕೆ, ಕೊಕ್ಕು ನೀರಲ್ಲಿ ಮುಳುಗಿಸಿಕೊಂಡು ಗುಂಪಾಗಿ ಗಾಣದೆತ್ತಿನ ಥರ ಸುತ್ತುತ್ತಿದ್ದರೆ ಅದೇ. ಸೂಜಿಬಾಲದ ಬಾತಿನ ಹೆಸರೇ ಗುರುತು. ಕೊಕ್ಕಿನ ತುದಿ ಮಾತ್ರ ಹಳದಿ ಇದ್ದರೆ ಅದು ಚುಕ್ಕೆಕೊಕ್ಕಿನ ಬಾತು, ವರ್ಷವಿಡೀ ಇಲ್ಲೇ ಇರುವ ನಮ್ಮೂರಿನದು. ಮಾರ್ಚ್ ಮುಗಿಯುವ ಹೊತ್ತಿಗೆ ವಲಸೆ ಬಾತುಗಳು ಬಹುಪಾಲು ಖಾಲಿ, ಹಾಗಾಗಿ ಕ್ಯಾಮೆರಾ ರಿವ್ಯೂ ನೋಡುತ್ತಾ ಕೂರಬೇಡಿ.

ಒಂಬತ್ತರ ಮೇಲೆ ತಲೆ ಎತ್ತಿ. ನೆಲ ಕಾದು ಬಿಸಿ ಗಾಳಿ ಮೇಲೇಳದೆ ಹದ್ದು, ಗರುಡ, ಹೆಜ್ಜಾರ್ಲೆ (ಪೆಲಿಕನ್) ಇವೆಲ್ಲ ಎತ್ತರಕ್ಕೆ ಏರುವುದಿಲ್ಲ. ಬೆಳಗ್ಗೆ ಜೊಂಡು, ಆಮೇಲೆ ನೀರು, ಕೊನೆಗೆ ಆಕಾಶ. ನೀರುಕಾಗೆ ಮತ್ತು ಹಾವಕ್ಕಿ ರೆಕ್ಕೆ ಹರಡಿ ಒಣಗಿಸಿಕೊಳ್ಳುವುದೂ ಬಿಸಿಲು ಬಲಿತ ಮೇಲೇ.

ಕ್ಯಾಮೆರಾ ಬದಲು ಒಂದು 8×42 ಬೈನಾಕ್ಯುಲರ್ ತಗೊಳ್ಳಿ. 8 ಅಂದರೆ ಎಂಟು ಪಟ್ಟು ಹತ್ತಿರ, 42 ಅಂದರೆ ಮುಂದಿನ ಗಾಜಿನ ಅಗಲ, ಮಿಲಿಮೀಟರಲ್ಲಿ. 42ನ್ನು 8ರಿಂದ ಭಾಗಿಸಿದರೆ ಐದು ಚಿಲ್ಲರೆ, ಅಷ್ಟು ಅಗಲದ ಬೆಳಕಿನ ಬಿಲ್ಲೆ ಕಣ್ಣಿಗೆ ಬರುತ್ತದೆ, ನಸುಕಲ್ಲಿ ಅದೇ ಮುಖ್ಯ. ಜಾಸ್ತಿ ಪಟ್ಟು ಇದ್ದರೆ ಒಳ್ಳೆಯದು ಅಂತ ನಾನು ಒಮ್ಮೆ ಆನ್‌ಲೈನಲ್ಲಿ 20 ಪಟ್ಟಿನದು ತರಿಸಿದ್ದೆ, ಕೈ ನಡುಗಿದರೆ ಕೆರೆಯೇ ಕುಣಿಯುತ್ತಿತ್ತು, ಈಗ ಮಗಳು ಚಂದ್ರನನ್ನು ನೋಡಲು ಇಟ್ಟುಕೊಂಡಿದ್ದಾಳೆ, ಅದೂ ಕಾಂಪೌಂಡಿಗೆ ಒರಗಿಸಿಕೊಂಡು. ಚಳಿಯಲ್ಲಿ ಬೈನಾಕ್ಯುಲರಿನ ಕಣ್ಣಿಗಿಡುವ ಗಾಜಿಗೆ ಉಸಿರು ತಾಗಿ ಮಬ್ಬಾಗುತ್ತದೆ, ಮೂಗಿಂದ ಮೆಲ್ಲಗೆ ಉಸಿರಾಡಿ. ಒರೆಸುವುದಾದರೆ ಮೊದಲು ಧೂಳು ಊದಿ, ಆಮೇಲೆ ಮೆತ್ತನೆ ಹತ್ತಿ ಬಟ್ಟೆ.

ಯಾವ ಕೆರೆ ಅಂದರೆ, ನನ್ನ ಮಟ್ಟಿಗೆ ಜಕ್ಕೂರು. ಶುದ್ಧೀಕರಿಸಿದ ನೀರು ಜೊಂಡಿನ ಜವುಗಿನ ಮೂಲಕ ಕೆರೆಗೆ ಇಳಿಯುತ್ತದೆ, ಆ ತುದಿಯಲ್ಲೇ ಜಂಬುಕೋಳಿ, ಕೆಂಬರಲು, ಬಕ ಎಲ್ಲ ಸೇರುತ್ತವೆ. ಮೀನು ಹಿಡಿಯುವವರ ತೆಪ್ಪ ಇದ್ದರೆ ಅವರನ್ನು ಮಾತಾಡಿಸಿ, ಹಕ್ಕಿ ಎಲ್ಲಿ ಕೂತಿವೆ ಅಂತ ಅವರಿಗೆ ಗೊತ್ತಿರುವಷ್ಟು ನಮಗ್ಯಾರಿಗೂ ಗೊತ್ತಿಲ್ಲ. ದಕ್ಷಿಣದ ಕಡೆಯವರಿಗೆ ಸರ್ಜಾಪುರ ರಸ್ತೆಯ ಕೈಕೊಂಡ್ರಹಳ್ಳಿ ಆಗುತ್ತದೆ. ಪುಟ್ಟೇನಹಳ್ಳಿ ಅಂತ ಯಾರಾದರೂ ಹೇಳಿದರೆ ಯಾವ ಪುಟ್ಟೇನಹಳ್ಳಿ ಅಂತ ಕೇಳಿಕೊಳ್ಳಿ. ಯಲಹಂಕದ್ದು ಪಕ್ಷಿ ಸಂರಕ್ಷಣಾ ಮೀಸಲು, ಇನ್ನೊಂದು ಜೆ.ಪಿ. ನಗರದ್ದು, ನಡುವೆ ಇಡೀ ಊರೇ ಇದೆ. ನನ್ನ ಗೆಳೆಯ ಒಬ್ಬ ಆಟೋ ಮಾಡಿಕೊಂಡು ತಪ್ಪಾದದ್ದಕ್ಕೇ ಹೋಗಿ ಇಳಿದಿದ್ದ.

ಒಂದು ಮಾತು, ಗದ್ದೆಗೊರವ, ಮೆಟ್ಟುಗಾಲು ಹಕ್ಕಿಯಂಥ ಕೆಸರಲ್ಲಿ ನಡೆದು ಮೇಯುವ ಹಕ್ಕಿ ಬೇಕು ಅಂದರೆ ಚೆಂದ ಮಾಡಿದ ಕೆರೆಗಳಲ್ಲಿ ಹುಡುಕಬೇಡಿ. ಹೂಳೆತ್ತಿ ಸುತ್ತಲೂ ಕಡಿದಾಗಿ ಏರಿ ಕಟ್ಟಿದರೆ ಕೆರೆ ಬಟ್ಟಲಾಗುತ್ತದೆ. ಆ ಹಕ್ಕಿಗಳಿಗೆ ತಟ್ಟೆ ಬೇಕು, ಪಾದ ಮುಳುಗುವಷ್ಟೇ ನೀರು, ಕೆಸರಿನ ಅಂಚು. ಹೊಸಕೋಟೆ ಕೆರೆ ಕಡೆ ಹೋಗಿ.

ಆದರೆ ಪ್ರತಿ ವಾರ ಕೆರೆ ಬದಲಾಯಿಸಬೇಡಿ. ಮಾರ್ಚ್ ಕೊನೆ ತನಕ ಒಂದೇ ಕೆರೆಗೆ, ಅದೇ ಹೊತ್ತಿಗೆ, ಅದೇ ಜಾಗಕ್ಕೆ ಹೋಗಿ ಎಣಿಸಿ. ದೊಡ್ಡ ಗುಂಪಾದರೆ ಹತ್ತು ಎಣಿಸಿಕೊಂಡು, ಆ ಹತ್ತರಷ್ಟು ಜಾಗ ಎಷ್ಟು ಸಲ ಬರುತ್ತದೆ ನೋಡಿ. ಕಂಡ ಹಕ್ಕಿಗಳ ಪಟ್ಟಿ ಸೇರಿಸುವ ಇಬರ್ಡ್ ಜಾಲತಾಣಕ್ಕೆ ಹಾಕಿ, ನಾಮದ ಕೋಳಿಯನ್ನೂ ಬಿಡಬೇಡಿ. ಹೋದ ವಾರ ಅರವತ್ತಿದ್ದ ಬಿಳಿಹುಬ್ಬು ಈ ವಾರ ಹನ್ನೆರಡಾದರೆ ಹೊರಟವು ಅಂತ ನಿಮಗೇ ಗೊತ್ತಾಗುತ್ತದೆ, ಅದನ್ನು ಯಾವ ಜೂಮೂ ತೋರಿಸುವುದಿಲ್ಲ.

ಈ ಭಾನುವಾರ ನಾನು ಜಕ್ಕೂರಲ್ಲಿ ಇರುತ್ತೇನೆ, ಆರೂಕಾಲಕ್ಕೆ. ಬರುವುದಾದರೆ ಇಲ್ಲೇ ಹೇಳಿ. ಬ್ರೆಡ್ಡು ತರಬೇಡಿ, ಹಕ್ಕಿಗೆ ಹಾಕುವಂತಿಲ್ಲ. ಫೋನಲ್ಲಿ ಹಕ್ಕಿ ಕೂಗು ಹಾಕಿ ಕರೆಯುವುದೂ ಬೇಡ. ಶೂ ಹಳೆಯದಿರಲಿ, ನಿಮ್ಮ ಫೋಟೋದಲ್ಲಿರುವ ಆ ಕೆಂಪು ಸ್ವೆಟರ್ ಮನೆಯಲ್ಲಿರಲಿ.