ಖಾರವಿಲ್ಲದ ತೊಕ್‌ಬೊಕ್ಕಿಯೇ ಮೊದಲಿನದು

ಪ್ರಶ್ನೆ: ಅಕ್ಕಾ, ನಾವು ಹಾಸನದವರು. ಮನೆಯವರ ಕೆಲಸದ ಮೇಲೆ ಒಂದೂವರೆ ವರ್ಷದಿಂದ ಕೊರಿಯಾದ ಸುವಾನ್‌ನಲ್ಲಿದ್ದೇವೆ. ಐದು ವರ್ಷದ ಮಗಳಿಗೆ ಗೆಳತಿಯರ ಜೊತೆ ಇಲ್ಲಿನ ಖಾರದ ಸಾಸಿನ ಅಕ್ಕಿ ಕೋಲಿನ ತಿಂಡಿ ತೊಕ್‌ಬೊಕ್ಕಿ ತಿನ್ನುವ ಆಸೆ. ಒಂದು ತುಂಡು ಬಾಯಿಗಿಟ್ಟರೆ ಕಣ್ಣಲ್ಲಿ ನೀರು. ಮನೆಯಲ್ಲಿ ಅದಕ್ಕೆ ಹಾಕುವ ಕೆಂಪು ಮೆಣಸಿನ ಪೇಸ್ಟು ಗೊಚುಜಾಂಗ್ ಅರ್ಧ ಚಮಚಕ್ಕೆ ಇಳಿಸಿ ಮಾಡಿದೆ. ಖಾರ ಹೋಯಿತು, ರುಚಿಯೂ ಹೋಯಿತು. ಏನು ಮಾಡಲಿ?
— ಒಬ್ಬ ತಾಯಿ, ಸುವಾನ್

ಉತ್ತರ: ಆ ಗೊಚುಜಾಂಗ್ ಡಬ್ಬಿಯನ್ನು ಪಕ್ಕಕ್ಕಿಡಿ ತಾಯಿ. ಅದರಲ್ಲಿರುವುದು ಬರೀ ಮೆಣಸಿನಪುಡಿಯಲ್ಲ. ಹುದುಗಿಸಿದ ಸೋಯಾ ಕಾಳಿನ ಪುಡಿ, ಅಂಟಕ್ಕಿ, ಉಪ್ಪು ಎಲ್ಲ ಸೇರಿದೆ. ಸಾಸಿನ ಉಪ್ಪು, ಸಿಹಿ, ಗಟ್ಟಿತನ ಬರುವುದೆಲ್ಲ ಅದರಿಂದಲೇ. ಅದನ್ನು ಕಡಿಮೆ ಮಾಡಿದರೆ ಉಳಿಯುವುದು ಕೆಂಪು ನೀರು.

ನೀವು ಮಾಡಬೇಕಾದದ್ದು ಬೇರೆಯದೇ ಅಡುಗೆ. ಅದರ ಹೆಸರು ಗುಂಗ್‌ಜುಂಗ್ ತೊಕ್‌ಬೊಕ್ಕಿ, ಅಂದರೆ ಅರಮನೆಯ ತೊಕ್‌ಬೊಕ್ಕಿ. ಸೋಯಾ ಸಾಸ್, ಎಳ್ಳೆಣ್ಣೆ, ಅಣಬೆ, ದನದ ಮಾಂಸ ಹಾಕಿ ಮಾಡುತ್ತಿದ್ದದ್ದು. 19ನೇ ಶತಮಾನದ ಕೊನೆಯ ಅಡುಗೆ ಪುಸ್ತಕ 'ಸಿಯಿಜೊನ್‌ಸೊ'ದಲ್ಲಿರುವ ತೊಕ್‌ಬೊಕ್ಕಿ ಈ ಬಗೆಯದೇ. ಕೆಂಪು ತೊಕ್‌ಬೊಕ್ಕಿ ಬಂದದ್ದು ಆಮೇಲೆ. 1953ರಲ್ಲಿ ಸಿಯೋಲ್‌ನ ಸಿಂದಾಂಗ್ ಬೀದಿಯಲ್ಲಿ ಮಾ ಬೊಕ್-ರಿಮ್ ಎಂಬಾಕೆ ಅದನ್ನು ಶುರು ಮಾಡಿದರು ಎಂದು ಅಲ್ಲಿನವರು ಹೇಳುತ್ತಾರೆ. ಹಾಗಾಗಿ ಮಗಳಿಗೆ ಏನೋ ಕಡಿಮೆಯದು ಕೊಡುತ್ತಿದ್ದೇನೆ ಎಂದು ನೊಂದುಕೊಳ್ಳಬೇಡಿ. ಅವಳು ತಿನ್ನುವುದು ಹಳೆಯದನ್ನೇ.

ನಾನು ಮಾಡುವ ಕ್ರಮ ಹೇಳುತ್ತೇನೆ. ಮೂವರಿಗೆ 400 ಗ್ರಾಂ ಗಾರೆತೊಕ್ ಸಾಕು. ಬೆರಳಿನಂಥ ಆ ಅಕ್ಕಿ ಕೋಲುಗಳನ್ನು ಕುದಿಯುವ ನೀರಿಗೆ ಹಾಕಿ. ಒಂದನ್ನು ಚಿವುಟಿ ನೋಡಿ. ಒಳಗೆ ಬಿಳಿ ಗಂಟು ಉಳಿದಿರಬಾರದು. ಬಸಿದು, ಬಿಸಿ ಇರುವಾಗಲೇ ಒಂದು ದೊಡ್ಡ ಚಮಚ ಸೋಯಾ ಸಾಸ್, ಒಂದು ಸಣ್ಣ ಚಮಚ ಎಳ್ಳೆಣ್ಣೆ ಸವರಿಡಿ. ಇದನ್ನು ಮಾತ್ರ ಬಿಡಬೇಡಿ. ತಣ್ಣಗಾದ ಮೇಲೆ ಉಪ್ಪು ಒಳಗೆ ಸರಿಯಾಗಿ ಹಿಡಿಯುವುದಿಲ್ಲ. ನಿಮ್ಮ ಮಗಳ ತಟ್ಟೆ ಸಪ್ಪೆಯಾಗಲು ಅರ್ಧ ಕಾರಣ ಇದೇ ಇರಬೇಕು.

ಬಾಣಲೆಯಲ್ಲಿ ಈರುಳ್ಳಿ, ಕ್ಯಾರೆಟ್, ನೆನೆಸಿದ ಒಣ ಅಣಬೆ ಬಾಡಿಸಿ. ಎರಡು ಎಸಳು ಬೆಳ್ಳುಳ್ಳಿ ಜಜ್ಜಿ ಹಾಕಿ. ಮಾಂಸ ತಿನ್ನುವವರಾದರೆ ತೆಳ್ಳಗೆ ಹೆಚ್ಚಿ ಮೊದಲೇ ಹುರಿದುಕೊಳ್ಳಿ. ಗಾರೆತೊಕ್, ಮುಕ್ಕಾಲು ಲೋಟ ನೀರು, ಎರಡು ದೊಡ್ಡ ಚಮಚ ಸೋಯಾ ಸಾಸ್, ಒಂದೂವರೆ ಚಮಚ ಸಕ್ಕರೆ ಸೇರಿಸಿ. ನೀರು ಇಂಗುತ್ತಾ ಸಾಸ್ ಕೋಲುಗಳಿಗೆ ಅಂಟಿ ಹೊಳೆಯಲು ಶುರುವಾದಾಗ ಒಲೆ ಆರಿಸಿ. ಎಳ್ಳೆಣ್ಣೆ ಕೊನೆಗೆ. ಅಲ್ಲಿ ಎಳ್ಳನ್ನು ಚೆನ್ನಾಗಿ ಹುರಿದು ಹಿಂಡುತ್ತಾರೆ. ಘಮ ಜಾಸ್ತಿ, ಕುದಿಸಿದರೆ ಅದು ಹಾರಿಹೋಗುತ್ತದೆ.

ಸೋಯಾ ಸಾಸ್ ಬಾಟಲಿ ಕೊಳ್ಳುವಾಗ ಮೇಲೆ ಏನು ಬರೆದಿದೆ ನೋಡಿ. 'ಜಿನ್ ಗಾನ್‌ಜಾಂಗ್' ಇರಲಿ. 'ಗುಕ್ ಗಾನ್‌ಜಾಂಗ್' ಸಾರಿಗೆ ಹಾಕುವಂಥದ್ದು, ಬಣ್ಣ ತಿಳಿ, ಉಪ್ಪು ಜಾಸ್ತಿ. ನಾನು ಕೊರಿಯಾದಲ್ಲಿದ್ದ ಮೊದಲ ವರ್ಷ ಗೊತ್ತಿಲ್ಲದೆ ಅದನ್ನೇ ಸುರಿದು ಇಡೀ ಬಾಣಲೆ ಚೆಲ್ಲಬೇಕಾಯಿತು. ಆ ಬೇಸರ ಇನ್ನೂ ನೆನಪಿದೆ.

ಇನ್ನೊಂದು ಮಾತು. ಐದು ವರ್ಷದ ಮಗುವಿಗೆ ಇಡೀ ಕೋಲು ಕೊಡಲೇಬೇಡಿ. ಅಂಟಂಟು, ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಕತ್ತರಿಯಲ್ಲಿ ಸಣ್ಣಗೆ ಕತ್ತರಿಸಿ, ಪಕ್ಕದಲ್ಲೇ ಕೂತು ತಿನ್ನಿಸಿ. ಬೀದಿ ಅಂಗಡಿಯಲ್ಲಿ 'ಆನ್ ಮೆಪ್‌ಗೆ ಹೆ ಜುಸೆಯೊ', ಖಾರ ಬೇಡ ಎಂದರೂ ಆಗದು. ದೊಡ್ಡ ತಟ್ಟೆಯಲ್ಲಿ ಬೆಳಗ್ಗೆಯೇ ಕೆಂಪಗೆ ಕುದಿಯುತ್ತಿರುತ್ತದೆ ಅಲ್ವಾ. ಅಲ್ಲಿನ ತಾಯಂದಿರು ತುಂಡನ್ನು ನೀರಿನಲ್ಲಿ ಜಾಲಿಸಿ ಮಕ್ಕಳಿಗೆ ಕೊಡುವುದನ್ನು ನೋಡಿದ್ದೇನೆ. ಗೆಳತಿಯರ ಜೊತೆ ಹೋದಾಗ ನೀವೂ ಹಾಗೆ ಮಾಡಿ, ಯಾರೂ ಏನೂ ಅಂದುಕೊಳ್ಳುವುದಿಲ್ಲ.

ಪ್ರಶ್ನೆ: ಅಪ್ಪ ಅಮ್ಮನನ್ನು ಕರೆದುಕೊಂಡು ಸಿಯೋಲ್‌ಗೆ ಹೋಗುತ್ತಿದ್ದೇನೆ. ಅವರು ಮೊಟ್ಟೆಯನ್ನೂ ಮುಟ್ಟುವುದಿಲ್ಲ, ಖಾರವೂ ಆಗದು. ಬಿಳಿ ತೊಕ್‌ಬೊಕ್ಕಿ ಕೊಡಿಸಬಹುದೇ?
— ಓದುಗರು, ಮೈಸೂರು

ಉತ್ತರ: ಕಣ್ಣುಮುಚ್ಚಿ ಕೊಡಿಸಬೇಡಿ. ಗಾರೆತೊಕ್ ಎಂದರೆ ಅಕ್ಕಿ, ನೀರು, ಉಪ್ಪು ಅಷ್ಟೇ. ನೆನೆಸಿದ ಅಕ್ಕಿಯನ್ನು ಬೀಸಿ, ಹಬೆಯಲ್ಲಿ ಬೇಯಿಸಿ, ಒತ್ತಿ ಉದ್ದಕ್ಕೆ ತೆಗೆಯುತ್ತಾರೆ. ನಮ್ಮ ಒತ್ತು ಶಾವಿಗೆಯ ದಪ್ಪ ಅಣ್ಣನಂತೆ. ತೊಂದರೆ ಇರುವುದು ಸಾಸಿನಲ್ಲಿ. ಅದಕ್ಕೆ ಒಣ ಮೀನು ಕುದಿಸಿದ ನೀರು ಹಾಕುವುದು ರೂಢಿ. ಜೊತೆಗೆ ಓಮುಕ್, ಅಂದರೆ ಮೀನಿನ ಹಿಟ್ಟಿನ ಹಾಳೆ. 'ಮೀನು ತಿನ್ನುವುದಿಲ್ಲ' ಎಂದರೆ ಓಮುಕ್ ತೆಗೆದಾರು, ಆ ನೀರು ಅವರ ಲೆಕ್ಕಕ್ಕೆ ಬರುವುದೇ ಇಲ್ಲ. 'ಮ್ಯೊಲ್ಚಿ ಯುಕ್ಸು', ಅಂದರೆ ಆ ಒಣ ಮೀನಿನ ನೀರು, ಇದೆಯಾ ಎಂದು ಬೇರೆಯಾಗಿ ಕೇಳಿ.

ಗ್ಯೊಂಗ್‌ಬೊಕ್ ಅರಮನೆ ನೋಡಲು ಹೋಗುತ್ತೀರಲ್ಲ, ಅದರ ಪಶ್ಚಿಮಕ್ಕೆ ನಡೆದುಹೋಗುವಷ್ಟು ಹತ್ತಿರದಲ್ಲಿ ತೊಂಗಿನ್ ಮಾರುಕಟ್ಟೆ ಇದೆ. ಅಲ್ಲಿಯದು ಎಣ್ಣೆಯ ತೊಕ್‌ಬೊಕ್ಕಿ. ನೀರಿಲ್ಲ, ಕುದಿಸುವುದಿಲ್ಲ. ಸಣ್ಣ ಕೋಲುಗಳನ್ನು ದೊಡ್ಡ ಕಬ್ಬಿಣದ ಹೆಂಚಿನ ಮೇಲೆ ಎಣ್ಣೆ ಬಿಟ್ಟು ಹುರಿಯುತ್ತಾರೆ. ಕೆಂಪು ಒಂದು, ಸೋಯಾ ಸಾಸಿನ ತಿಳಿ ಬಣ್ಣದ್ದು ಒಂದು. ಎರಡನೆಯದು ಹೊರಗೆ ಗರಿಗರಿ, ಒಳಗೆ ಮೆತ್ತಗೆ, ಖಾರವೇ ಇಲ್ಲ. ಅದನ್ನು ಬೇರೆ ಹೆಂಚಿನಲ್ಲಿ ಹುರಿಯುತ್ತಾರೆಯೇ, ಏನು ಸವರಿದ್ದಾರೆ ಎಂದು ಕೇಳಿಕೊಂಡೇ ಕೊಳ್ಳಿ.

ಅಪ್ಪ ಅಮ್ಮನಿಗೆ ನಾನಾದರೆ ಸುಟ್ಟ ಗಾರೆತೊಕ್ ಕೊಡಿಸುತ್ತಿದ್ದೆ. ಬರೀ ಕೋಲನ್ನು ಕೆಂಡದ ಮೇಲೋ ಬಾಣಲೆಯಲ್ಲೋ ಚುಕ್ಕೆ ಚುಕ್ಕೆ ಕಂದಾಗುವವರೆಗೆ ಸುಟ್ಟು, ಜೇನಿನಲ್ಲೋ ಅಕ್ಕಿಯಿಂದ ತೆಗೆದ ಜೊಚೊಂಗ್ ಪಾಕದಲ್ಲೋ ಅದ್ದಿ ತಿನ್ನುವುದು. ನಮ್ಮ ಮನೆ ಮಾಲೀಕಳಾಗಿದ್ದ ಅಜ್ಜಿ ಚಳಿಗಾಲದ ಸಂಜೆ ಇದನ್ನು ಬಟ್ಟೆಯಲ್ಲಿ ಸುತ್ತಿ ತಂದುಕೊಡುತ್ತಿದ್ದರು. ಕೈ ಬೆಚ್ಚಗಾಗುತ್ತಿತ್ತು, ಕಚ್ಚಿದರೆ ಅಕ್ಕಿರೊಟ್ಟಿಯ ತಳದ ಸೀದ ಘಮ. ಖಾರವಿಲ್ಲದ್ದರಲ್ಲಿ ನನಗೆ ಇದಕ್ಕಿಂತ ಇಷ್ಟವಾದದ್ದು ಇನ್ನೊಂದಿಲ್ಲ.

ಪ್ರಶ್ನೆ: ತಂದ ಗಾರೆತೊಕ್ ಫ್ರಿಜ್‌ನಲ್ಲಿಟ್ಟರೆ ಮರುದಿನ ಕಲ್ಲು. ಹಾಳಾಯಿತೇ?
— ಓದುಗರು, ಬೆಂಗಳೂರು

ಉತ್ತರ: ಹಾಳಾಗಿಲ್ಲ. ಫ್ರಿಜ್‌ನಲ್ಲಿಟ್ಟ ಅನ್ನ ಬಿರುಸಾಗುವುದಿಲ್ಲವೇ, ಹಾಗೆಯೇ. ಉಗುರುಬೆಚ್ಚಗಿನ ನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಆಮೇಲೆ ಬೇಯಿಸಿ. ಎರಡು ದಿನದಲ್ಲಿ ತಿನ್ನದಿದ್ದರೆ ತಂದ ದಿನವೇ ಬಿಡಿಬಿಡಿಯಾಗಿ ಫ್ರೀಜರ್‌ಗೆ ಹಾಕಿ. ಹುಳಿ ವಾಸನೆ ಬಂದರೆ, ಬೂಸ್ಟು ಕಂಡರೆ ಮಾತ್ರ ಎಸೆಯಿರಿ.

ಪ್ರಶ್ನೆ: ರೋಜೆ ತೊಕ್‌ಬೊಕ್ಕಿ ಖಾರವಿಲ್ಲದ್ದಲ್ಲವೇ? ಗುಲಾಬಿ ಬಣ್ಣ ಇರುತ್ತದೆ.
— ಪಿಯು ವಿದ್ಯಾರ್ಥಿನಿ, ಉಡುಪಿ

ಉತ್ತರ: ಅಲ್ಲಮ್ಮ. ಗೊಚುಜಾಂಗ್ ಸಾಸಿಗೆ ಕ್ರೀಮ್ ಅಥವಾ ಹಾಲು ಬೆರೆಸಿದ್ದಕ್ಕೇ ಆ ಬಣ್ಣ. ಖಾರ ಇಳಿಯುತ್ತದೆ, ಹೋಗುವುದಿಲ್ಲ. ಒಂದಿಷ್ಟೂ ಬೇಡ ಎಂದರೆ ಕಪ್ಪು ಸೋಯಾ ಪೇಸ್ಟಿನ ಜಾಜಾಂಗ್ ತೊಕ್‌ಬೊಕ್ಕಿ ಕೇಳು. ಸಿಹಿ ಮುಂದಾಗಿರುತ್ತದೆ. ಅದಕ್ಕೂ ಕೆಲವರು ಮೆಣಸಿನಪುಡಿ ಉದುರಿಸುತ್ತಾರೆ, ಆರ್ಡರ್ ಮಾಡುವಾಗಲೇ ಬೇಡ ಎಂದು ಹೇಳಿಬಿಡು.