ಪೆಡಲ್ ಮೇಲೆ ಕಾಲು ಜಾರುತ್ತಿದೆಯಾ? ಶೂ ತಿರುಗಿಸಿ ನೋಡಿ

ಪ್ರಶ್ನೆ: ಸರ್, ನಾನು ಕಲಬುರಗಿಯವನು. ಬೆಳಿಗ್ಗೆ ಗೇರ್ ಸೈಕಲ್‌ನಲ್ಲಿ ಸೇಡಂ ರಸ್ತೆ ಹಿಡಿದು ಬುದ್ಧ ವಿಹಾರದ ತನಕ ಹೋಗಿ ಬರುತ್ತೇನೆ. ಮಳೆ ಶುರುವಾದ ಮೇಲೆ ಎದ್ದು ನಿಂತು ತುಳಿದರೆ ಕಾಲು ಜಾರುತ್ತದೆ, ಒಮ್ಮೆ ಪೆಡಲ್ ತಿರುಗಿ ಮೊಳಕಾಲ ಕೆಳಗಿನ ಎಲುಬಿಗೆ ಬಡಿಯಿತು. ಹಾಕೋದು ರನ್ನಿಂಗ್ ಶೂ. ಗೆಳೆಯರು ಕ್ಲಿಪ್ ಶೂ ತಗೋ ಅಂತಾರೆ. ತಗೊಳ್ಳಲಾ?

ಉತ್ತರ: ಸದ್ಯಕ್ಕೆ ಬೇಡ. ಕ್ಲಿಪ್ ಶೂ ಅಡಿಯಲ್ಲಿ ಕ್ಲೀಟ್ ಅನ್ನೋ ಚಿಕ್ಕ ತುಂಡು ಇರುತ್ತದೆ, ಅದು ಪೆಡಲ್‌ಗೆ ಕಚ್ಚಿಕೊಳ್ಳುತ್ತದೆ, ಬಿಡಿಸಿಕೊಳ್ಳಬೇಕಾದರೆ ಹಿಮ್ಮಡಿ ಹೊರಗೆ ತಿರುಗಿಸಬೇಕು. ಹೊಸಬರು ಸಿಗ್ನಲ್‌ನಲ್ಲಿ ಇದನ್ನು ಮರೆತು ನಿಂತಲ್ಲೇ ಪಕ್ಕಕ್ಕೆ ಬೀಳುತ್ತಾರೆ. ಅದಕ್ಕಿಂತ ಹೆಚ್ಚಾಗಿ ನಮ್ಮ ಎರೆ ಮಣ್ಣು! ಮಳೆಯಲ್ಲಿ ಎರಡು ಹೆಜ್ಜೆ ಇಟ್ಟರೆ ಅಡಿಗೆ ರೊಟ್ಟಿ ಹಿಟ್ಟಿನ ಹಾಗೆ ಮೆತ್ತಿಕೊಳ್ಳುತ್ತದೆ, ಕ್ಲೀಟ್ ಜಾಗ ತುಂಬಿದರೆ ಕಾಲು ಸಿಕ್ಕಿಸೋದೇ ಆಗೋದಿಲ್ಲ. ರೇಸಿಗೆ ಅದು ಸರಿ. 1985ರ ಟೂರ್ ಡಿ ಫ್ರಾನ್ಸ್ ಸೈಕಲ್ ರೇಸನ್ನು ಫ್ರಾನ್ಸಿನ ಬರ್ನಾರ್ ಇನೊ ಲುಕ್ ಕಂಪನಿಯ ಇಂಥದೇ ಪೆಡಲ್ ಹಾಕಿ ಗೆದ್ದರು, ಆಮೇಲೆ ರೇಸಿನವರೆಲ್ಲ ಅದಕ್ಕೇ ಹೋದರು. ನೀವು ಹೋಗ್ತಿರೋದು ಬುದ್ಧ ವಿಹಾರಕ್ಕೆ.

ನಿಮ್ಮ ತೊಂದರೆ ಶುರುವಾಗೋದು ಶೂನಿಂದ. ರನ್ನಿಂಗ್ ಶೂ ಅಡಿ ದಪ್ಪ ಮೆತ್ತನೆ ಫೋಮ್, ಅದರಲ್ಲಿ ಆಳವಾದ ಗೀರುಗಳು, ಹಿಮ್ಮಡಿ ಎತ್ತರ. ಪೆಡಲ್‌ಗೆ ಪೂರ್ತಿಯಾಗಿ ಕೂಡೋದಿಲ್ಲ, ಜೋರಾಗಿ ತುಳಿದಾಗ ಅಡಿ ಬಾಗಿ ಪಾದವೂ ನೋಯುತ್ತದೆ. ಚಪ್ಪಟೆ ರಬ್ಬರ್ ಅಡಿಯ ಶೂ ತಗೊಳ್ಳಿ. ಬ್ಯಾಡ್ಮಿಂಟನ್ ಶೂ ಚೆನ್ನಾಗಿ ಹಿಡಿಯುತ್ತದೆ, ಸವೆಯೋದು ಮಾತ್ರ ಬೇಗ. ಅಂಗಡಿಯಲ್ಲೇ ಅಡಿಯನ್ನು ಕೈಯಲ್ಲಿ ಬಗ್ಗಿಸಿ ನೋಡಿ, ಚಪ್ಪಲಿ ಹಾಗೆ ಸುಲಭವಾಗಿ ಮಡಚಿದರೆ ವಾಪಸ್ ಕೊಡಿ.

ಆಮೇಲೆ ಪೆಡಲ್. ಸೈಕಲ್ ಜೊತೆ ಬಂದ ಪ್ಲಾಸ್ಟಿಕ್ ಪೆಡಲ್ ಒದ್ದೆಯಾದರೆ ನುಣುಪು. ಅಗಲವಾದ, ಮೇಲೆ ಲೋಹದ ಪಿನ್ ಇರುವ ಫ್ಲಾಟ್ ಪೆಡಲ್ ಹಾಕಿಸಿ, ಅಗಲ 10 ಸೆಂಟಿಮೀಟರ್ ಆಸುಪಾಸು ಇರಲಿ. ನೈಲಾನ್ ಸಾಕು, ಅಲ್ಯೂಮಿನಿಯಂಗೆ ಸುಮ್ನೆ ಜಾಸ್ತಿ ದುಡ್ಡು ಯಾಕೆ? ಪಿನ್ ಬಿಚ್ಚಿ ಬದಲಿಸೋ ಹಾಗಿದೆಯಾ ಅಂತ ಮಾತ್ರ ಕೇಳಿ, ಕಲ್ಲಿಗೆ ಬಡಿದು ಅವು ಬಾಗುತ್ತವೆ. ಒಂದು ಎಚ್ಚರಿಕೆ: ಈ ಪಿನ್‌ಗಳು ಎಲುಬಿಗೆ ತಾಗಿದರೆ ಹಳೆ ಪೆಡಲ್‌ಗಿಂತ ಕೆಟ್ಟ ಗಾಯ ಮಾಡುತ್ತವೆ, ಹಾಗಾಗಿ ಶೂ ಬದಲಿಸದೆ ಪೆಡಲ್ ಒಂದನ್ನೇ ಬದಲಿಸಬೇಡಿ.

ಹಾಕೋದು ಮನೆಯಲ್ಲೇ ಆಗುತ್ತದೆ, ಸಾಮಾನ್ಯವಾಗಿ 15 ನಂಬರ್ ಪಾನಾ ಬೇಕು. ಎಡಗಡೆ ಪೆಡಲ್‌ನ ಥ್ರೆಡ್ ಉಲ್ಟಾ. ಎರಡನ್ನೂ ಮುಂದಿನ ಗಾಲಿ ಕಡೆಗೆ ತಿರುಗಿಸಿದರೆ ಬಿಗಿಯಾಗುತ್ತವೆ ಅಂತ ನೆನಪಿಟ್ಟರೆ ಸಾಕು. ಥ್ರೆಡ್‌ಗೆ ಸ್ವಲ್ಪ ಗ್ರೀಸ್ ಹಚ್ಚಿ, ಇಲ್ಲಾಂದ್ರೆ ತುಕ್ಕು ಹಿಡಿದು ಮುಂದೆ ಬಿಚ್ಚೋಕೆ ಬರಲ್ಲ. ತುಳಿಯುವಾಗ ಹೆಬ್ಬೆರಳಿನ ಹಿಂದಿನ ಗಡುಸು ಭಾಗ ಪೆಡಲ್‌ನ ನಡುವೆ ಇರಲಿ.

ಪ್ರಶ್ನೆ: ನಮ್ಮದು ಬೀದರ್. ಮಗಳು ಸ್ಕೂಲಿಗೆ ಹವಾಯಿ ಚಪ್ಪಲಿಯಲ್ಲೇ ಸೈಕಲ್ ಹೊಡೆಯುತ್ತಾಳೆ. ಅವಳಿಗೂ ಪಿನ್ ಪೆಡಲ್ ಹಾಕಿಸಲಾ?

ಉತ್ತರ: ಬೇಡಮ್ಮ, ಚಪ್ಪಲಿ ಕಳಚಿದರೆ ಪಿನ್ ಬರಿಗಾಲಿಗೆ ಚುಚ್ಚುತ್ತದೆ. ಹಳೆ ಸೈಕಲ್‌ಗಳ ಕಪ್ಪು ರಬ್ಬರ್ ಪೆಡಲ್ ಅವಳಿಗೆ ಒಳ್ಳೆಯದು, ಈಗಿರೋದು ಸವೆದು ನುಣ್ಣಗಾಗಿದ್ದರೆ ಹೊಸದು ಹಾಕಿಸಿ. ಹಿಂದೆ ಪಟ್ಟಿ ಇರುವ ಸ್ಯಾಂಡಲ್ ಕೊಡಿಸಿ.