ಕೆಮಿಕಲ್ ಎಂಜಿನಿಯರಿಂಗ್: ನಾಲ್ಕು ವರ್ಷ ಏನು ಓದಿಸುತ್ತಾರೆ?

ಈ ಸಲ ಬಂದ ಪತ್ರಗಳಲ್ಲಿ ಕೆಮಿಕಲ್ ಎಂಜಿನಿಯರಿಂಗ್ ಬಗ್ಗೆ ಕೇಳಿದವರೇ ಜಾಸ್ತಿ. ಹಾವೇರಿ, ಗದಗ, ಹುಬ್ಬಳ್ಳಿ-ಧಾರವಾಡ ಕಡೆಯ ಐದು ಪತ್ರಗಳನ್ನು ಆರಿಸಿಕೊಂಡಿದ್ದೇನೆ.

ಪ್ರಶ್ನೆ: ನಾನು ದ್ವಿತೀಯ ಪಿಯುಸಿ ವಿಜ್ಞಾನ ಓದುತ್ತಿದ್ದೇನೆ. ಬ್ಯಾಡಗಿ ಹತ್ತಿರದ ಹಳ್ಳಿ. ಕೆಮಿಸ್ಟ್ರಿ ಅಂದ್ರೆ ತುಂಬಾ ಇಷ್ಟ, ಮಾರ್ಕ್ಸೂ ಚೆನ್ನಾಗಿ ಬರುತ್ತವೆ. ಗಣಿತ ಅಷ್ಟಕ್ಕಷ್ಟೇ. ಕೆಮಿಕಲ್ ಎಂಜಿನಿಯರಿಂಗ್ ಸೇರುವ ಮನಸ್ಸಿದೆ. ಉಪನ್ಯಾಸಕರು ಬಿಎಸ್‌ಸಿ ಮಾಡು ಅನ್ನುತ್ತಾರೆ. ಎರಡಕ್ಕೂ ಏನು ವ್ಯತ್ಯಾಸ?

ತಂಗಿ, ಕೆಮಿಸ್ಟ್ರಿ ಇಷ್ಟ ಅನ್ನೋ ಒಂದೇ ಕಾರಣಕ್ಕೆ ಈ ಬ್ರಾಂಚ್ ತೆಗೆದುಕೊಳ್ಳಬೇಡ. ನಾಲ್ಕು ವರ್ಷದಲ್ಲಿ ಕೆಮಿಸ್ಟ್ರಿ ಅಂತ ಹೆಸರಿರುವ ಪೇಪರ್‌ಗಳು ಬೆರಳೆಣಿಕೆಯಷ್ಟು. ಉಳಿದದ್ದೆಲ್ಲ ಫಿಸಿಕ್ಸು, ಗಣಿತ, ಲೆಕ್ಕ. ಹೊಸ ವಸ್ತುವನ್ನು ಬೀಕರಿನಲ್ಲಿ ಹತ್ತು ಗ್ರಾಂ ಮಾಡಿ ತೋರಿಸುವುದು ಕೆಮಿಸ್ಟ್ರಿ ಓದಿದವರ ಕೆಲಸ. ಅದನ್ನೇ ದಿನಕ್ಕೆ ಹತ್ತು ಟನ್ ಮಾಡುವುದು ನಮ್ಮ ಕೆಲಸ. ಬೀಕರ್ ಬಿಸಿಯಾದರೆ ಐಸ್ ನೀರಿನಲ್ಲಿ ಇಟ್ಟರಾಯಿತು. ಆದರೆ ಪಾತ್ರೆಯ ಉದ್ದ, ಅಗಲ, ಎತ್ತರ ಹತ್ತು ಪಟ್ಟು ಆದಾಗ ಒಳಗಿನ ಮಾಲು ಸಾವಿರ ಪಟ್ಟು ಆಗುತ್ತದೆ, ಶಾಖ ಹೊರಗೆ ಹೋಗಬೇಕಾದ ಮೈ ಮಾತ್ರ ಬರೀ ನೂರು ಪಟ್ಟು. ಆ ಉಳಿದ ಶಾಖವನ್ನು ಏನು ಮಾಡೋದು? ಈ ಥರದ ಪ್ರಶ್ನೆ ಕೇಳಿದಾಗ ನಿನಗೆ ಕುತೂಹಲ ಬಂದರೆ ನೀನು ಎಂಜಿನಿಯರಿಂಗ್ ಕಡೆಯವಳು.

ನಿಮ್ಮೂರಿನದೇ ಒಂದು ಲೆಕ್ಕ ಕೊಡುತ್ತೇನೆ. ಕಣದಲ್ಲಿ ಒಂದು ಟನ್ ಹಸಿ ಕೆಂಪು ಮೆಣಸಿನಕಾಯಿ ಹರಡಿದ್ದಾರೆ, ಅದರಲ್ಲಿ 75% ನೀರಿದೆ ಅಂದುಕೋ. ಒಣಗಿ 10% ನೀರು ಉಳಿಯಬೇಕು. ಒಣಗಾಯಿ ಎಷ್ಟು ಸಿಗುತ್ತದೆ? 75ರಲ್ಲಿ 10 ಕಳೆದರೆ 65, ಹಾಗಾಗಿ 650 ಕೆಜಿ ನೀರು ಹೋಗಿ 350 ಕೆಜಿ ಕಾಯಿ ಉಳಿಯಿತು ಅಂತ ಬಹಳ ಜನ ಬರೆಯುತ್ತಾರೆ. ಅದು ತಪ್ಪು, ಯಾಕಂದ್ರೆ ಕೊನೆಯ ಆ 10% ಅನ್ನೋದು ಒಣಗಿದ ಕಾಯಿಯ ತೂಕದ ಮೇಲೆ, ಹಸಿಕಾಯಿಯ ತೂಕದ ಮೇಲೆ ಅಲ್ಲ. ಮೊದಲೂ ಆಮೇಲೂ ಬದಲಾಗದೆ ಇರೋದು ಯಾವುದು ಅಂತ ಹುಡುಕಬೇಕು. ನೀರು ಬಿಟ್ಟು ಉಳಿದ ಒಣ ಭಾಗ 250 ಕೆಜಿ, ಅದು ಎಲ್ಲಿಗೂ ಹೋಗುವುದಿಲ್ಲ. ಕೊನೆಯಲ್ಲಿ ಆ 250 ಕೆಜಿಯೇ ಒಟ್ಟು ತೂಕದ 90% ಆಗಿರಬೇಕು. ಅಂದ್ರೆ ಒಣಗಾಯಿ ಸುಮಾರು 278 ಕೆಜಿ, ಆರಿ ಹೋದ ನೀರು 722 ಕೆಜಿ.

ಇದೇ ಮಾಸ್ ಬ್ಯಾಲೆನ್ಸ್. ಇದರ ಬೆನ್ನಿಗೆ ಎನರ್ಜಿ ಬ್ಯಾಲೆನ್ಸ್ ಬರುತ್ತದೆ. ಬಿಸಿಲಿನ ಹದದಲ್ಲಿ ಒಂದು ಕೆಜಿ ನೀರು ಆವಿಯಾಗಲು ಸುಮಾರು 2,400 ಕಿಲೋಜೂಲ್ ಬೇಕು. 722 ಕೆಜಿಗೆ ಹದಿನೇಳು ಲಕ್ಷ ಕಿಲೋಜೂಲ್ ದಾಟುತ್ತದೆ, ಕರೆಂಟಿನ ಲೆಕ್ಕದಲ್ಲಿ ಸುಮಾರು 480 ಯುನಿಟ್. ಬಿಸಿಲು ಇದನ್ನು ಪುಕ್ಕಟೆ ಕೊಡುತ್ತದೆ. ಡ್ರೈಯರ್ ಇಟ್ಟರೆ ಇದಕ್ಕಿಂತ ಜಾಸ್ತಿಯೇ ಬೇಕು, ಬಿಸಿಗಾಳಿಯ ಜೊತೆ ಒಂದಿಷ್ಟು ಶಾಖ ಸುಮ್ನೆ ಹೊರಗೆ ಹೋಗುತ್ತದಲ್ಲ. ಡ್ರೈಯರ್ ಹಾಕಿದರೆ ಲಾಭವೋ ನಷ್ಟವೋ ಅನ್ನುವ ಮಾತು ಶುರುವಾಗೋದೇ ಇಲ್ಲಿಂದ.

ಈಗ ಕೋರ್ಸಿಗೆ ಬರೋಣ. ಎಂಟು ಸೆಮಿಸ್ಟರ್. ಮೊದಲ ವರ್ಷ ಹೆಚ್ಚುಕಮ್ಮಿ ಎಲ್ಲ ಬ್ರಾಂಚಿಗೂ ಒಂದೇ: ಗಣಿತ, ಫಿಸಿಕ್ಸ್, ಕೆಮಿಸ್ಟ್ರಿ, ಡ್ರಾಯಿಂಗ್, ಒಂದಿಷ್ಟು ಪ್ರೋಗ್ರಾಮಿಂಗ್. ಅಸಲಿ ಓದು ಎರಡನೇ ವರ್ಷದಲ್ಲಿ ಶುರು. ಅದು ಹೇಗಿರುತ್ತದೆ ಅಂತ ತಿಳಿಯಲು ಮತ್ತೆ ಮೆಣಸಿನಕಾಯಿಯನ್ನೇ ಹಿಡಿಯೋಣ. ಬ್ಯಾಡಗಿ ಕಾಯಿಗೆ ಖಾರ ಕಡಿಮೆ, ಬಣ್ಣ ಜಾಸ್ತಿ, ಅದು ನಿನಗೇ ಗೊತ್ತು. ಆ ಬಣ್ಣವನ್ನು ಹೊರತೆಗೆದು ಓಲಿಯೋರೆಸಿನ್ ಅನ್ನುವ ಗಟ್ಟಿ ಎಣ್ಣೆ ಮಾಡುತ್ತಾರೆ. ಮೊದಲು ಕಾಯಿಯನ್ನು ಪುಡಿ ಮಾಡಬೇಕು. ಎಷ್ಟು ಸಣ್ಣಗೆ, ಅದಕ್ಕೆ ಎಷ್ಟು ಶಕ್ತಿ ಬೇಕು ಅನ್ನೋದು ಮೆಕ್ಯಾನಿಕಲ್ ಆಪರೇಷನ್ಸ್ ಪೇಪರಿನಲ್ಲಿ ಬರುತ್ತದೆ. ಪುಡಿಯ ಮೇಲೆ ಹೆಕ್ಸೇನ್‌ನಂಥ ದ್ರಾವಕ ಹರಿಸಿ ಬಣ್ಣವನ್ನು ಕರಗಿಸಿಕೊಳ್ಳುವುದು ಮಾಸ್ ಟ್ರಾನ್ಸ್‌ಫರ್. ದ್ರಾವಕವನ್ನು ಪೈಪಿನಲ್ಲಿ ತಳ್ಳಲು ಎಂಥ ಪಂಪು ಬೇಕು ಅನ್ನೋದು ಫ್ಲೂಯಿಡ್ ಮೆಕ್ಯಾನಿಕ್ಸ್. ಆಮೇಲೆ ದ್ರಾವಕವನ್ನು ಕಾಯಿಸಿ ಬೇರೆ ಮಾಡಬೇಕು, ಅದು ಹೀಟ್ ಟ್ರಾನ್ಸ್‌ಫರ್. ಜಾಸ್ತಿ ಕಾಯಿಸಿದರೆ ಬಣ್ಣ ಕೆಡುತ್ತದೆ, ಅದಕ್ಕೆ ವ್ಯಾಕ್ಯೂಮ್ ಹಿಡಿದು ಕಡಿಮೆ ಉಷ್ಣತೆಯಲ್ಲೇ ಕುದಿಸುತ್ತಾರೆ. ಒತ್ತಡ ಇಳಿದರೆ ಕುದಿಯುವ ಬಿಂದು ಯಾಕೆ ಇಳಿಯುತ್ತದೆ, ಎಷ್ಟು ಇಳಿಯುತ್ತದೆ ಅನ್ನೋದನ್ನು ಥರ್ಮೋಡೈನಾಮಿಕ್ಸ್ ಹೇಳುತ್ತದೆ. ಈ ಉಷ್ಣತೆ, ಒತ್ತಡ ಎರಡನ್ನೂ ಹಗಲು ರಾತ್ರಿ ಒಂದೇ ಸಮ ಇಡುವುದು ಪ್ರೊಸೆಸ್ ಕಂಟ್ರೋಲ್. ಇಷ್ಟೆಲ್ಲ ಮಾಡಿ ದುಡ್ಡು ಉಳಿಯುತ್ತದಾ ಅಂತ ನೋಡೋದು ಕೊನೆಯ ವರ್ಷದ ಪ್ಲಾಂಟ್ ಡಿಸೈನ್ ಮತ್ತು ಎಕನಾಮಿಕ್ಸ್.

ಇದರಲ್ಲಿ ಬಾರದೆ ಉಳಿದದ್ದು ರಿಯಾಕ್ಷನ್ ಎಂಜಿನಿಯರಿಂಗ್, ಅಂದ್ರೆ ರಾಸಾಯನಿಕ ಕ್ರಿಯೆ ಎಷ್ಟು ಬೇಗ ನಡೆಯುತ್ತದೆ, ಅದಕ್ಕೆ ಎಷ್ಟು ದೊಡ್ಡ ಪಾತ್ರೆ ಬೇಕು ಅನ್ನುವ ಲೆಕ್ಕ. ಕೆಮಿಸ್ಟ್ರಿ ಮತ್ತು ಗಣಿತ ಕೈಕೈ ಹಿಡಿಯುವ ಪೇಪರ್ ಅದು, ನಿನಗೆ ಬಹುಶಃ ಅದೇ ಎಲ್ಲಕ್ಕಿಂತ ಇಷ್ಟವಾಗಬಹುದು.

ಪಠ್ಯ ಹೀಗಾಗಿದ್ದಕ್ಕೂ ಒಂದು ಕಾರಣ ಇದೆ. 1887ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಜಾರ್ಜ್ ಡೇವಿಸ್ ಅನ್ನುವವರು ಈ ವಿಷಯದ ಮೇಲೆ ಉಪನ್ಯಾಸಗಳನ್ನು ಕೊಟ್ಟರು, ಮರುವರ್ಷ ಅಮೆರಿಕದ ಎಂಐಟಿಯಲ್ಲಿ ಕೋರ್ಸ್ ಶುರುವಾಯಿತು. ಸಾಬೂನಿನ ಕಾರ್ಖಾನೆಗೆ ಒಂದು ಓದು, ಸಕ್ಕರೆಗೆ ಇನ್ನೊಂದು, ಬಣ್ಣಕ್ಕೆ ಮತ್ತೊಂದು ಅಂತ ಕಲಿಸುತ್ತಾ ಹೋದರೆ ಮುಗಿಯೋದೇ ಇಲ್ಲ. ಯಾವ ಕಾರ್ಖಾನೆಗೆ ಹೋದರೂ ಅರೆಯುವುದು, ಸೋಸುವುದು, ಕಾಯಿಸುವುದು, ಬಟ್ಟಿ ಇಳಿಸುವುದು, ಒಣಗಿಸುವುದು ಇದ್ದೇ ಇರುತ್ತವೆ. 1915ರಲ್ಲಿ ಆರ್ಥರ್ ಲಿಟಲ್ ಇವನ್ನು ಯುನಿಟ್ ಆಪರೇಷನ್ಸ್ ಅಂತ ಕರೆದರು. ಅದಕ್ಕೇ ಓಲಿಯೋರೆಸಿನ್ ಘಟಕದಲ್ಲಿ ಕಲಿತವರು ನಾಳೆ ರಿಫೈನರಿಗೂ ಹೋಗಬಹುದು, ಔಷಧ ಕಾರ್ಖಾನೆಗೂ ಹೋಗಬಹುದು.

ಇನ್ನು ನಿನ್ನ ಗಣಿತ. ಪಿಯುಸಿ ಪುಸ್ತಕದ ಡಿಫರೆನ್ಷಿಯಲ್ ಈಕ್ವೇಷನ್ ಪಾಠ ತೆಗೆದು ಒಂದು ವಾರ ಕೂತು ಮಾಡು. ಮಾರ್ಕ್ಸಿಗಾಗಿ ಬೇಡ. ಒಂದು ವಸ್ತು ಎಷ್ಟು ಬೇಗ ಬದಲಾಗುತ್ತಿದೆ ಅನ್ನುವುದನ್ನು ಸಮೀಕರಣದಲ್ಲಿ ಬರೆಯಲು ನಿನಗೆ ಆಗುತ್ತದಾ ನೋಡು. ಆಗುತ್ತದೆ ಅನಿಸಿದರೆ ಧೈರ್ಯವಾಗಿ ಸೇರು. ಆ ಪಾಠ ಹಿಂಸೆ ಅನಿಸಿ, ಅಣುಗಳ ಕಥೆಯೇ ಮನಸ್ಸಿಗೆ ಹತ್ತಿರ ಅನಿಸಿದರೆ ನಿಮ್ಮ ಉಪನ್ಯಾಸಕರು ಹೇಳಿದ್ದೇ ಸರಿ. ಬಿಎಸ್‌ಸಿ ಮಾಡಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಕೆಮಿಸ್ಟ್ರಿ ಎಂಎಸ್‌ಸಿ ಮಾಡುವುದು ಯಾವ ರೀತಿಯಲ್ಲೂ ಕೀಳಲ್ಲ.

ಎಂಜಿನಿಯರಿಂಗ್ ಕಡೆ ಬಂದರೆ ಸಿಇಟಿ ಬರೆಯಬೇಕು, ರ‍್ಯಾಂಕಿಗೆ ಪಿಯುಸಿ ಅಂಕ ಅರ್ಧ, ಸಿಇಟಿ ಅಂಕ ಅರ್ಧ. ಈ ಬ್ರಾಂಚ್ ಎಲ್ಲ ಕಾಲೇಜಿನಲ್ಲಿ ಇರೋದಿಲ್ಲ, ಸೀಟೂ ಕಡಿಮೆ. ನಿನಗೆ ಹತ್ತಿರ ಅಂದರೆ ದಾವಣಗೆರೆಯ ಬಾಪೂಜಿ ಕಾಲೇಜು. ತುಮಕೂರಿನ ಸಿದ್ಧಗಂಗಾ, ಬೆಂಗಳೂರಿನ ಆರ್‌ವಿ, ರಾಮಯ್ಯ ಇವೆ. ಸುರತ್ಕಲ್ ಎನ್‌ಐಟಿಕೆಗೆ ಜೆಇಇ ಬರೆಯಬೇಕು. ಆಪ್ಷನ್ ಎಂಟ್ರಿ ಮಾಡುವ ಮೊದಲು ಆ ವರ್ಷದ ಸೀಟ್ ಪಟ್ಟಿಯನ್ನು ಕರ್ನಾಟಕ ಪರೀಕ್ಷಾ ಪ್ರಾಧಿಕಾರದ (ಕೆಇಎ) ವೆಬ್‌ಸೈಟಿನಲ್ಲಿ ನೋಡಿಕೋ.

ಪ್ರಶ್ನೆ: ನಾನು ಗದಗ ತಾಲೂಕಿನ ರೈತ. ಮಗಳು ಇದೇ ಕೋರ್ಸ್ ಬೇಕು ಅಂತ ಹಟ ಹಿಡಿದಿದ್ದಾಳೆ. ಭೋಪಾಲದ ಸುದ್ದಿ ಕೇಳಿ ಬೆಳೆದವರು ನಾವು. ವಿಷದ ಗಾಳಿ, ನೈಟ್ ಶಿಫ್ಟ್, ಇದೆಲ್ಲ ಹೆಣ್ಣುಮಕ್ಕಳಿಗೆ ಯಾಕೆ ಅಂತ ಬಂಧುಗಳು ಅನ್ನುತ್ತಾರೆ. ಏನು ಹೇಳುತ್ತೀರಿ?

ಯಜಮಾನರೇ, ನಿಮ್ಮ ಭಯ ಸುಳ್ಳಲ್ಲ. 1984ರ ಡಿಸೆಂಬರ್ 2ರ ರಾತ್ರಿ ಭೋಪಾಲದಲ್ಲಿ ಮಿಥೈಲ್ ಐಸೋಸೈನೇಟ್ ಅನ್ನುವ ವಿಷ ರಾಸಾಯನಿಕ ತುಂಬಿದ ಟ್ಯಾಂಕಿಗೆ ನೀರು ಸೇರಿತು. ಅದನ್ನು ತಣ್ಣಗಿಡಬೇಕಾದ ಯಂತ್ರ ನಿಂತಿತ್ತು. ಅನಿಲವನ್ನು ಸುಡಬೇಕಾದ ಗೋಪುರದ ಪೈಪು ಬಿಚ್ಚಿತ್ತು. ಒಂದು ತಡೆ ಸೋತರೆ ಇನ್ನೊಂದು ಹಿಡಿಯಬೇಕಿತ್ತು, ಯಾವುದೂ ಹಿಡಿಯಲಿಲ್ಲ. ಸಾವಿರಾರು ಜನ ಸತ್ತರು.

ಇದನ್ನು ಈ ಕೋರ್ಸಿನಲ್ಲಿ ಪಾಠವಾಗಿಯೇ ಓದಿಸುತ್ತಾರೆ. ಅಪಾಯಗಳನ್ನು ಮೊದಲೇ ಹುಡುಕುವ ಹ್ಯಾಜಾಪ್ (HAZOP) ಅಂತ ಒಂದು ಪದ್ಧತಿ ಇದೆ. ಕಾರ್ಖಾನೆಯ ನಕ್ಷೆ ಹರಡಿಕೊಂಡು ಒಂದೊಂದು ಪೈಪಿನ ಮೇಲೆ ಬೆರಳಿಟ್ಟು ಕೇಳುತ್ತಾ ಹೋಗಬೇಕು: ಇಲ್ಲಿ ಹರಿವು ನಿಂತರೆ? ಜಾಸ್ತಿಯಾದರೆ? ಕಡಿಮೆಯಾದರೆ? ಉಲ್ಟಾ ಹರಿದರೆ? ಪ್ರತಿ ಪ್ರಶ್ನೆಗೂ ಏನಾಗುತ್ತದೆ, ತಡೆಯೋದು ಹೇಗೆ ಅಂತ ಬರೆದಿಡಬೇಕು. ಬೇಜಾರಿನ ಕೆಲಸ, ವಾರಗಟ್ಟಲೆ ಹಿಡಿಯುತ್ತದೆ. ಆದರೆ ಜನರ ಜೀವ ಉಳಿಯೋದು ಈ ಬೇಜಾರಿನ ಕೆಲಸದಿಂದಲೇ. ನಿಮ್ಮ ಮಗಳಂಥವರು ಇದನ್ನು ಚೆನ್ನಾಗಿ ಕಲಿತು ಕಾರ್ಖಾನೆಯಲ್ಲಿ ಕೂರಬೇಕು ಅನ್ನೋದು ನನ್ನ ಆಸೆ.

ಕೆಲಸದ ವಿಷಯ ನೇರವಾಗಿ ಹೇಳುತ್ತೇನೆ. ಪ್ಲಾಂಟಿನಲ್ಲಿ ಸೇರಿದರೆ ಶುರುವಿನಲ್ಲಿ ಶಿಫ್ಟ್ ಬರಬಹುದು. ಪ್ಲಾಂಟ್ ಒಂದೇ ದಾರಿ ಅಲ್ಲ, ಡಿಸೈನ್ ಆಫೀಸು, ನೀರು ಶುದ್ಧೀಕರಣ, ಗುಣಮಟ್ಟ ಪರೀಕ್ಷೆ, ಸಂಶೋಧನೆ ಎಲ್ಲಾ ಇವೆ. ಗೇಟ್ ಪರೀಕ್ಷೆ ಬರೆದರೆ ಐಐಟಿ, ಐಐಎಸ್‌ಸಿಯಲ್ಲಿ ಎಂಟೆಕ್ ಓದಬಹುದು, ಸರ್ಕಾರಿ ತೈಲ ಕಂಪನಿಗಳೂ ಗೇಟ್ ಅಂಕ ನೋಡಿ ತೆಗೆದುಕೊಂಡಿದ್ದುಂಟು. ನಮ್ಮ ಕಡೆಯೇ ಹಾವೇರಿ ಜಿಲ್ಲೆಯ ಕುಮಾರಪಟ್ಟಣದಲ್ಲಿ ಮರದಿಂದ ಬಟ್ಟೆಯ ನಾರಿಗೆ ಬೇಕಾದ ಪಲ್ಪ್ ಮಾಡುವ ದೊಡ್ಡ ಕಾರ್ಖಾನೆ ಇದೆ, ಮಂಗಳೂರಿನಲ್ಲಿ ಎಂಆರ್‌ಪಿಎಲ್ ರಿಫೈನರಿ ಇದೆ. ಆದರೂ ದೇಶದ ಕೆಮಿಕಲ್ ಕಾರ್ಖಾನೆಗಳು ಜಾಸ್ತಿ ಇರೋದು ಗುಜರಾತ್, ಮಹಾರಾಷ್ಟ್ರದಲ್ಲಿ. ಮಗಳು ಮನೆಯಿಂದ ದೂರ ಇರಬೇಕಾಗಬಹುದು, ಆ ಮಾತನ್ನು ಈಗಲೇ ಕೂತು ಆಡಿಕೊಳ್ಳಿ. ಅವಳಿಗೆ ಒಪ್ಪಿಗೆ ಇದ್ದರೆ ಬಂಧುಗಳ ಮಾತಿಗೆ ತಡೆಯಬೇಡಿ.

ಪ್ರಶ್ನೆ: ಮೂರನೇ ಸೆಮಿಸ್ಟರ್. ಊರು ಧಾರವಾಡ, ಹತ್ತನೇವರೆಗೆ ಕನ್ನಡ ಮೀಡಿಯಂ. ಪ್ರೊಸೆಸ್ ಕ್ಯಾಲ್ಕುಲೇಷನ್ಸ್ ತಲೆಗೆ ಹೋಗುತ್ತಿಲ್ಲ. ರಿಸೈಕಲ್ ಲೆಕ್ಕ ಬಂದರೆ ಗಾಬರಿ. ಇದೊಂದನ್ನು ಬ್ಯಾಕ್ ಉಳಿಸಿಕೊಂಡು ಮುಂದೆ ಹೋದರೆ ನಡೆಯುತ್ತದಾ?

ತಮ್ಮಾ, ಬೇರೆ ಯಾವ ಪೇಪರ್ ಆದರೂ ಉಳಿಸಿಕೋ, ಇದನ್ನು ಮಾತ್ರ ಉಳಿಸಿಕೊಳ್ಳಬೇಡ. ಐದನೇ ಸೆಮಿಸ್ಟರಿನ ಮಾಸ್ ಟ್ರಾನ್ಸ್‌ಫರ್‌ನಲ್ಲಿ ಪ್ರತಿ ಲೆಕ್ಕದ ಮೊದಲ ಸಾಲೇ ಈ ಪೇಪರಿನಲ್ಲಿ ಕಲಿಸುವ ಮಾಸ್ ಬ್ಯಾಲೆನ್ಸ್. ಇದು ಬಾರದವನಿಗೆ ಮುಂದಿನದ್ದೆಲ್ಲ ಬಾಯಿಪಾಠ ಆಗುತ್ತದೆ.

ರಿಸೈಕಲ್ ಗಾಬರಿಗೆ ಮದ್ದು ಇದೆ. ಅಮೋನಿಯಾ ಘಟಕ ತೆಗೆದುಕೋ. ನೈಟ್ರೋಜನ್, ಹೈಡ್ರೋಜನ್ ಒಂದು ಸಲ ರಿಯಾಕ್ಟರ್ ದಾಟಿದಾಗ ಸುಮಾರು 15-20% ಮಾತ್ರ ಅಮೋನಿಯಾ ಆಗುತ್ತದೆ. ಉಳಿದದ್ದನ್ನು ತಿರುಗಿ ಒಳಗೆ ಕಳಿಸುತ್ತಾರೆ. ನೀನು ರಿಯಾಕ್ಟರಿನಿಂದ ಲೆಕ್ಕ ಶುರು ಮಾಡಿದರೆ ಸುತ್ತು ಸುತ್ತಿ ಅಲ್ಲೇ ಬರುತ್ತೀಯ. ಮೊದಲು ಇಡೀ ಘಟಕದ ಸುತ್ತ ಒಂದು ಚೌಕ ಗೀಚು. ರಿಸೈಕಲ್ ಗೆರೆ ಆ ಚೌಕದ ಒಳಗೇ ಉಳಿಯುತ್ತದೆ, ಹೊರಗಿನ ಲೆಕ್ಕಕ್ಕೆ ಅದು ಬರೋದೇ ಇಲ್ಲ. ಒಳಗೆ ಹೋದದ್ದು ಎಷ್ಟು, ಹೊರಗೆ ಬಂದದ್ದು ಎಷ್ಟು, ಅಷ್ಟೇ. ಅದು ಮುಗಿದ ಮೇಲೆ ಚೌಕವನ್ನು ಸಣ್ಣದು ಮಾಡುತ್ತಾ ಬಾ. ಗಾಳಿಯಿಂದ ಬಂದ ಆರ್ಗಾನ್ ಯಾವುದರ ಜೊತೆಗೂ ಸೇರದೆ ಒಳಗೇ ಸುತ್ತುತ್ತಾ ಹೆಚ್ಚುತ್ತದೆ, ಅದಕ್ಕೇ ಸ್ವಲ್ಪ ಅನಿಲವನ್ನು ಪರ್ಜ್ ಅಂತ ಹೊರಗೆ ಬಿಡುತ್ತಾರೆ. ಪರ್ಜ್ ಎಷ್ಟಿರಬೇಕು ಅಂತ ಆರ್ಗಾನಿನ ಲೆಕ್ಕವೇ ಹೇಳುತ್ತದೆ.

ಲೆಕ್ಕದ ಪಕ್ಕದಲ್ಲಿ ಪ್ರತಿ ಹೆಜ್ಜೆ ಯಾಕೆ ಅಂತ ಕನ್ನಡದಲ್ಲಿ ಒಂದು ಸಾಲು ಬರೆ. ಪರೀಕ್ಷೆ ಇಂಗ್ಲಿಷಿನಲ್ಲಿ ಬರೆಯುತ್ತೀಯ, ಸರಿ. ಯೋಚನೆ ಮಾಡೋದು ನಿನ್ನ ಭಾಷೆಯಲ್ಲೇ ಇರಲಿ. ಕೆಲ್ವಿನ್ ಹಾಕಬೇಕಾದ ಕಡೆ ಸೆಲ್ಸಿಯಸ್, ಅಬ್ಸಲ್ಯೂಟ್ ಒತ್ತಡದ ಜಾಗದಲ್ಲಿ ಗೇಜ್ ಒತ್ತಡ (ಹೊರಗಿನ ಗಾಳಿಯ ಒತ್ತಡ ಬಿಟ್ಟು ಮೀಟರ್ ತೋರಿಸುವುದು), ಇವೆರಡರಲ್ಲೇ ಅರ್ಧ ಮಾರ್ಕ್ಸ್ ಹೋಗುತ್ತವೆ. ಜೋಪಾನ.

ಪ್ರಶ್ನೆ: ಹುಬ್ಬಳ್ಳಿಯಲ್ಲಿ ಡಿಪ್ಲೊಮಾ ಮುಗಿಸುತ್ತಿದ್ದೇನೆ. ನೇರ ಎರಡನೇ ವರ್ಷಕ್ಕೆ ಸೇರಬಹುದಾ?

ಸೇರಬಹುದು. ಡಿಪ್ಲೊಮಾದವರ ಪ್ರವೇಶ ಪರೀಕ್ಷೆ ಡಿಸಿಇಟಿ ಬರೆದು ರ‍್ಯಾಂಕ್ ಬಂದರೆ ಮೂರನೇ ಸೆಮಿಸ್ಟರಿಗೆ ಸೀಟು. ಯಂತ್ರ, ವಾಲ್ವ್, ಪಂಪು ಕಣ್ಣಾರೆ ಕಂಡಿರುತ್ತೀರಿ, ಅದು ನಿಮಗೆ ಲಾಭ. ಗಣಿತದಲ್ಲಿ ಹಿಂದೆ ಬೀಳುವವರು ಜಾಸ್ತಿ. ಸೇರುವ ಮುಂಚಿನ ರಜೆಯಲ್ಲಿ ಪಿಯುಸಿ ಕ್ಯಾಲ್ಕುಲಸ್ ಮುಗಿಸಿಕೊಳ್ಳಿ.

ಪ್ರಶ್ನೆ: ಈ ಬ್ರಾಂಚಿಗೆ ದುಬಾರಿ ಲ್ಯಾಪ್‌ಟಾಪ್, ಸಾಫ್ಟ್‌ವೇರ್ ಬೇಕಾ? ನಾಲ್ಕನೇ ಸೆಮಿಸ್ಟರ್, ರಾಣೆಬೆನ್ನೂರು.

ಬೇಡ. ಸಾಧಾರಣ ಲ್ಯಾಪ್‌ಟಾಪ್ ಸಾಕು. ಎಕ್ಸೆಲ್ ಚೆನ್ನಾಗಿ ಕಲಿಯಿರಿ, ಪೈಥಾನ್ ಸ್ವಲ್ಪ ಕಲಿಯಿರಿ. ಡಿಡಬ್ಲ್ಯುಸಿಮ್ (DWSIM) ಅಂತ ಉಚಿತ ಪ್ರೊಸೆಸ್ ಸಿಮ್ಯುಲೇಟರ್, ಅಂದ್ರೆ ಕಾರ್ಖಾನೆಯನ್ನು ಕಂಪ್ಯೂಟರಿನಲ್ಲೇ ಕಟ್ಟಿ ನೋಡುವ ಸಾಫ್ಟ್‌ವೇರ್ ಇದೆ, ಐಐಟಿ ಬಾಂಬೆಯ ಫಾಸಿ (FOSSEE) ತಂಡದವರು ಅದನ್ನು ಕಲಿಸುವ ಪಾಠಗಳನ್ನು ಪುಕ್ಕಟೆ ಇಟ್ಟಿದ್ದಾರೆ. ಎನ್‌ಪಿಟಿಇಎಲ್ ಅನ್ನುವ ಆನ್‌ಲೈನ್ ಪಾಠಗಳ ತಾಣದಲ್ಲಿ ಐಐಟಿ ಪ್ರಾಧ್ಯಾಪಕರ ಪಾಠಗಳೂ ಸಿಗುತ್ತವೆ.

ಒಂದು ಪ್ರಯೋಗ ಮಾಡಿ. ನಿಮ್ಮ ಜಿಲ್ಲೆಯ ಗೋವಿನಜೋಳದಿಂದಲೂ ಕಬ್ಬಿನಿಂದಲೂ ಎಥನಾಲ್ ಮಾಡಬಹುದಲ್ವಾ. ಡಿಡಬ್ಲ್ಯುಸಿಮ್‌ನಲ್ಲಿ ಎಥನಾಲ್ ಮತ್ತು ನೀರನ್ನು ಬೇರೆ ಮಾಡುವ ಕಾಲಂ, ಅಂದ್ರೆ ಬಟ್ಟಿ ಇಳಿಸುವ ಗೋಪುರ ಕಟ್ಟಿ. ಮೊದಲ ಸಲ ರೌಲ್ಟ್ ನಿಯಮದ ಮಾಡೆಲ್ ಆರಿಸಿ, ಗೋಪುರದೊಳಗಿನ ಸ್ಟೇಜುಗಳನ್ನು (ಹಂತಗಳನ್ನು) ಹೆಚ್ಚಿಸುತ್ತಾ ಹೋಗಿ. ಮೇಲಿನಿಂದ ಹೆಚ್ಚುಕಮ್ಮಿ ಶುದ್ಧ ಎಥನಾಲ್ ಬರುತ್ತದೆ ಅಂತ ತೋರಿಸುತ್ತದೆ. ಎರಡನೇ ಸಲ ನಿಜವಾದ ದ್ರಾವಣಗಳಿಗಾಗಿ ಮಾಡಿದ ಎನ್‌ಆರ್‌ಟಿಎಲ್ ಮಾಡೆಲ್ ಹಾಕಿ. ಈಗ ಎಷ್ಟೇ ಸ್ಟೇಜ್ ಹಾಕಿದರೂ ತೂಕದಲ್ಲಿ 95.6% ಆಸುಪಾಸಿನಲ್ಲೇ ನಿಲ್ಲುತ್ತದೆ. ನಿಜವಾದ ಡಿಸ್ಟಿಲರಿಯಲ್ಲೂ ಹಾಗೇ ನಿಲ್ಲುತ್ತದೆ, ಉಳಿದ ನೀರನ್ನು ಮಾಲಿಕ್ಯುಲರ್ ಸೀವ್ ಅನ್ನುವ, ನೀರನ್ನು ಹಿಡಿದಿಡುವ ಸೂಕ್ಷ್ಮ ರಂಧ್ರಗಳ ವಸ್ತುವಿನಿಂದ ತೆಗೆಯುತ್ತಾರೆ. ಎರಡೂ ಫಲಿತಾಂಶದ ಪ್ರಿಂಟ್ ತೆಗೆದುಕೊಂಡು ನಿಮ್ಮ ಥರ್ಮೋಡೈನಾಮಿಕ್ಸ್ ಮೇಷ್ಟ್ರ ಹತ್ತಿರ ಹೋಗಿ, ಮೊದಲನೇ ಮಾಡೆಲ್ ಯಾಕೆ ತಪ್ಪು ಹೇಳಿತು ಅಂತ ಕೇಳಿ.